ಪಿಕಪ್‌ನಲ್ಲಿ ಫೋರ್ ಲೋ ಬಳಸುವುದು ಹೇಗೆ: ಹಾಕುವುದರಿಂದ ತೆಗೆಯುವವರೆಗೆ

ಫೋರ್ ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡವರಲ್ಲಿ ಎಷ್ಟೋ ಜನ 4ಎಲ್ (ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್; ಲೋ ರೇಂಜ್ ಅನ್ನುವುದೂ ಇದಕ್ಕೇ) ಕಡೆ ಕೈ ಹಾಕುವುದು ಗಾಡಿ ಹೂತುಹೋದ ಮೇಲೆ. ಅಷ್ಟು ಹೊತ್ತಿಗೆ ಕೆಸರು ಆಕ್ಸಲ್ ಮುಟ್ಟಿರುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತಿರುತ್ತದೆ. ಆಗ ಲೋ ರೇಂಜ್ ಹಾಕಿದರೂ ಚಕ್ರ ಇನ್ನಷ್ಟು ಗುಂಡಿ ತೋಡುತ್ತದೆ, ಅಷ್ಟೇ. ಹಾಗಾಗಿ ಮೊದಲೇ ಒಂದು ಮಾತು: ಕಷ್ಟದ ಜಾಗ ಕಣ್ಣಿಗೆ ಬಿದ್ದ ಕೂಡಲೇ, ಅದರೊಳಗೆ ಇಳಿಯುವ ಮುಂಚೆ, ಗಟ್ಟಿ ನೆಲದ ಮೇಲೆ ನಿಂತಿರುವಾಗಲೇ 4ಎಲ್ ಹಾಕಿಕೊಳ್ಳಿ. ಕೆಳಗೆ ಬರೆದಿರುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಇಲ್ಲಿ ಹೇಳುತ್ತಿರುವುದು ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಪಾರ್ಟ್ ಟೈಮ್ ವ್ಯವಸ್ಥೆಯ ಬಗ್ಗೆ. ಅಂದರೆ 2ಎಚ್ (ಎರಡು ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ), 4ಎಚ್ (ನಾಲ್ಕಕ್ಕೂ ಶಕ್ತಿ, ಮಾಮೂಲಿ ವೇಗ), 4ಎಲ್ ಎಂಬ ಮೂರು ಆಯ್ಕೆ ಇರುವ ಗಾಡಿ. ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ತಿರುಗಿಸುವ ಗುಂಡಿ ಇರುತ್ತದೆ, ಹಳೆಯದರಲ್ಲಿ ಗೇರ್ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್ ಇರುತ್ತದೆ. ಕೆಲಸ ಎರಡರದ್ದೂ ಒಂದೇ.

ಒಳಗೆ ಏನಾಗುತ್ತದೆ

ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇರುತ್ತದೆ. 2ಎಚ್‌ನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. 4ಎಚ್ ಹಾಕಿದರೆ ಮುಂದಿನ ಶಾಫ್ಟ್ ಕೂಡ ಅದಕ್ಕೆ ಬಿಗಿಯಾಗಿ ಸೇರಿಕೊಳ್ಳುತ್ತದೆ. 4ಎಲ್ ಹಾಕಿದರೆ ಇದರ ಜೊತೆಗೆ ಇನ್ನೊಂದು ಸೆಟ್ ಗೇರ್ ನಡುವೆ ಬರುತ್ತದೆ. ಟೊಯೋಟಾ ಹೈಲಕ್ಸ್‌ನಲ್ಲಿ ಈ ಗೇರಿನ ಅನುಪಾತ 2.566. ಜೀಪ್ ಗ್ಲಾಡಿಯೇಟರ್ ರೂಬಿಕಾನ್‌ನಲ್ಲಿ 4. ಬಹುತೇಕ ಪಿಕಪ್‌ಗಳದ್ದು ಎರಡೂವರೆಯ ಆಸುಪಾಸಿನಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಒಂದನೇ ಗೇರಿನ ಅನುಪಾತ 4, ಆಕ್ಸಲ್‌ನದ್ದು 4 ಅಂತ ಇಟ್ಟುಕೊಳ್ಳಿ. 4ಎಚ್‌ನಲ್ಲಿ ಎಂಜಿನ್ 16 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಲೋ ರೇಂಜಿನ 2.5 ಸೇರಿದರೆ ಎಂಜಿನ್ 40 ಸುತ್ತಿಗೆ ಚಕ್ರ ಒಂದು ಸುತ್ತು. ಎಂಜಿನ್ ಐಡ್ಲಿಂಗ್‌ನಲ್ಲಿ 800 ಆರ್‌ಪಿಎಂ ಇದ್ದು, ಟೈರಿನ ಸುತ್ತಳತೆ 2.4 ಮೀಟರ್ ಇದ್ದರೆ, ಆಕ್ಸಿಲರೇಟರ್ ಮುಟ್ಟದೆ ಗಾಡಿ ಹೋಗುವ ವೇಗ 4ಎಚ್‌ನಲ್ಲಿ ಗಂಟೆಗೆ 7 ಕಿ.ಮೀ. ಚಿಲ್ಲರೆ. 4ಎಲ್‌ನಲ್ಲಿ 3 ಕಿ.ಮೀ.ಗಿಂತ ಕಡಿಮೆ. ಮನುಷ್ಯ ಆರಾಮಾಗಿ ನಡೆಯುವುದಕ್ಕಿಂತಲೂ ನಿಧಾನ, ಅದೂ ಕ್ಲಚ್ ಜಾರಿಸದೆ, ಬ್ರೇಕ್ ಒತ್ತದೆ. ವೇಗ ಇಳಿದಷ್ಟೇ ಪಟ್ಟು ಚಕ್ರಕ್ಕೆ ಸಿಗುವ ಎಳೆತ ಏರುತ್ತದೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಜನ ತಪ್ಪು ತಿಳಿದಿರುತ್ತಾರೆ. ಲೋ ರೇಂಜ್ ಹಾಕಿದ್ದರಿಂದ ಟೈರಿಗೆ ನೆಲದ ಮೇಲಿನ ಹಿಡಿತ ಒಂದು ಚೂರೂ ಜಾಸ್ತಿ ಆಗುವುದಿಲ್ಲ. ಹಿಡಿತ ಬರುವುದು ಟೈರಿನಿಂದ, ಗಾಳಿಯ ಒತ್ತಡದಿಂದ, ಭಾರದಿಂದ. ಲೋ ರೇಂಜ್ ಮಾಡುವುದು ಏನೆಂದರೆ, ಇರುವ ಹಿಡಿತವನ್ನು ಹಾಳು ಮಾಡದ ಹಾಗೆ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಬಿಡಲು ನಿಮಗೆ ದಾರಿ ಮಾಡಿಕೊಡುತ್ತದೆ.

ಯಾವಾಗ ಬೇಕು, ಯಾವಾಗ ಬೇಡ

ಕಡಿದಾದ ಏರು, ಕಡಿದಾದ ಇಳಿಜಾರು, ದೊಡ್ಡ ಕಲ್ಲುಗಳ ಹಾದಿ, ಕೊರಕಲು, ನೀರು ದಾಟುವುದು, ಜಾರುವ ನೆಲದಲ್ಲಿ ಭಾರದ ಟ್ರೇಲರ್ ಎಳೆಯುವುದು, ಸಿಕ್ಕಿಕೊಂಡ ಇನ್ನೊಂದು ಗಾಡಿಯನ್ನು ನಿಧಾನಕ್ಕೆ ಎಳೆಯುವುದು. ಇವೆಲ್ಲ 4ಎಲ್ ಕೆಲಸ. ನೀವು ಅರ್ಧ ಕ್ಲಚ್‌ನಲ್ಲಿ ಗಾಡಿ ನಿಭಾಯಿಸುತ್ತಿದ್ದೀರಿ, ಅಥವಾ ಇಳಿಯುವಾಗ ಬ್ರೇಕ್ ಮೇಲಿನ ಕಾಲು ತೆಗೆಯಲು ಆಗುತ್ತಿಲ್ಲ ಅಂದರೆ ಲೋ ರೇಂಜ್ ಹಾಕುವ ಹೊತ್ತು ಆಗಲೇ ಬಂದಿದೆ ಅಂತ ಅರ್ಥ.

ಸಡಿಲ ಜಲ್ಲಿ ರಸ್ತೆ, ಮಳೆಯಲ್ಲಿ ನೆನೆದ ಮಣ್ಣಿನ ರಸ್ತೆ, ಹಿಮ ಬಿದ್ದ ರಸ್ತೆ, ವೇಗ ಬೇಕಾಗುವ ಬಯಲು ಮರಳು, ಇದಕ್ಕೆಲ್ಲ 4ಎಚ್ ಸಾಕು. ಒಣ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ಎರಡೂ ಬೇಡ. ಕಾರಣ ಇಷ್ಟೇ: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಮುಂದೆ ಹಿಂದೆ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ಮಣ್ಣಿನಲ್ಲಾದರೆ ಟೈರ್ ಚೂರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಟೈರ್ ಜಾರುವುದಿಲ್ಲ, ಒತ್ತಡವೆಲ್ಲ ಶಾಫ್ಟು, ಗೇರುಗಳಲ್ಲಿ ತುಂಬಿಕೊಳ್ಳುತ್ತದೆ. ಸ್ಟೀರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಗಾಡಿ ಯಾರೋ ಹಿಂದಿನಿಂದ ಎಳೆದ ಹಾಗೆ ಮುಗ್ಗರಿಸುತ್ತದೆ, ಲಿವರ್ ಹೊರಗೆ ಬರಲು ಒಪ್ಪುವುದಿಲ್ಲ. ಹಾಗೇ ಓಡಿಸುತ್ತಿದ್ದರೆ ಯಾವುದಾದರೂ ಒಂದು ಭಾಗ ಮುರಿಯುತ್ತದೆ.

ಕಷ್ಟದ ಜಾಗಕ್ಕೆ ಇಳಿಯುವ ಮುಂಚೆ ಮಾಡಿಕೊಳ್ಳಬೇಕಾದ್ದು

ಮೊದಲು ಗಾಡಿಯಿಂದ ಇಳಿದು ದಾರಿಯನ್ನು ನಡೆದು ನೋಡಿ. ಸೀಟಿನಲ್ಲಿ ಕೂತು ನೋಡಿದ್ದಕ್ಕೂ ನಡೆದು ನೋಡಿದ್ದಕ್ಕೂ ಅಜಗಜಾಂತರ. ಏರಿನ ಆಚೆ ಏನಿದೆ, ಯಾವ ಕಲ್ಲು ಅಲುಗಾಡುತ್ತದೆ, ಕೆಸರಿನ ತಳ ಗಟ್ಟಿಯಿದೆಯಾ, ಆಗಲಿಲ್ಲ ಅಂದರೆ ಹಿಂದಕ್ಕೆ ಬರಲು ಜಾಗ ಇದೆಯಾ, ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆ ಗಾಡಿ ಹತ್ತಿ.

ಟೈರಿನ ಗಾಳಿ ಇಳಿಸಿ. ರಸ್ತೆಗೆ 35 ಪಿಎಸ್ಐ ಇಡುವವರು ಕಲ್ಲು ಮಣ್ಣಿನ ಹಾದಿಗೆ 22–26ಕ್ಕೆ, ಮೆತ್ತನೆ ಮರಳಿಗೆ 16–18ರ ಹತ್ತಿರಕ್ಕೆ ಇಳಿಸುತ್ತಾರೆ. ಟೈರ್ ಅಗಲಕ್ಕಿಂತ ಉದ್ದಕ್ಕೆ ಹರಡಿಕೊಂಡು ನೆಲವನ್ನು ಜಾಸ್ತಿ ಹಿಡಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಗಾಡಿಗೆ ದುಬಾರಿ ಸಾಮಾನು ಹಾಕಿಸುವುದಕ್ಕಿಂತ ಒಂದು ಗೇಜ್, ಒಂದು ಕಂಪ್ರೆಸರ್ ಇಟ್ಟುಕೊಳ್ಳುವುದು ಎಷ್ಟೋ ಮೇಲು. ಆದರೆ ಹಿಂದೆ ತುಂಬಾ ಭಾರ ತುಂಬಿದ್ದರೆ ಹಿಂದಿನ ಟೈರುಗಳಲ್ಲಿ ಇಷ್ಟು ಕಡಿಮೆ ಮಾಡಬೇಡಿ. ಗಾಳಿ ಕಡಿಮೆ ಇರುವಾಗ ವೇಗ ಬೇಡ, ಜೋರು ತಿರುವು ಬೇಡ, ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು.

ಪಿಕಪ್‌ಗೇ ಸೇರಿದ ಒಂದು ತೊಂದರೆ ಇದೆ. ಖಾಲಿ ಇದ್ದಾಗ ಹಿಂಭಾಗ ಹಗುರ. ಎಂಜಿನ್ನು, ಕ್ಯಾಬಿನ್ನು, ಕೂತವರು ಎಲ್ಲ ಮುಂದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಭಾರ ಹೊರಲು ಮಾಡಿರುವುದರಿಂದ ಖಾಲಿ ಗಾಡಿಯಲ್ಲಿ ಅವು ಬಗ್ಗುವುದೇ ಇಲ್ಲ, ಚಕ್ರ ಕುಪ್ಪಳಿಸುತ್ತದೆ. ಸ್ವಲ್ಪ ಭಾರ ಹಾಕಿಕೊಂಡರೆ ಹಿಡಿತ ಸುಧಾರಿಸುತ್ತದೆ. ಅದನ್ನು ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಅದಕ್ಕಿಂತ ಮುಂದೆ ಇಡಿ, ಕೆಳಮಟ್ಟದಲ್ಲಿ ಇಡಿ, ಬಿಗಿಯಾಗಿ ಕಟ್ಟಿ. ತೊಟ್ಟಿಯ ಹಿಂದಿನ ಬಾಗಿಲ ಕಡೆ ಭಾರ ಇಟ್ಟರೆ ಏರಿನಲ್ಲಿ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ.

4ಎಲ್ ಹಾಕುವ ಕ್ರಮ

ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ್ದೇ ಕೊನೆಯ ಮಾತು, ಅದನ್ನು ಒಮ್ಮೆ ಓದಿ. ಹೆಚ್ಚಿನ ಪಿಕಪ್‌ಗಳಲ್ಲಿ ಕ್ರಮ ಹೀಗಿರುತ್ತದೆ.

1. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಿ. ಸ್ಟೀರಿಂಗ್ ನೇರ ಇರಲಿ. ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸುವ ಹಬ್ ಇರುವ ಹಳೆಯ ಗಾಡಿಯಾದರೆ ಇಳಿದು ಎರಡನ್ನೂ ಲಾಕ್‌ಗೆ ತಿರುಗಿಸಿ.

2. ಬ್ರೇಕ್ ಒತ್ತಿ ಹಿಡಿಯಿರಿ. ಮ್ಯಾನುವಲ್ ಆದರೆ ಕ್ಲಚ್ ಪೂರ್ತಿ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಆಟೊಮ್ಯಾಟಿಕ್ ಆದರೆ ಎನ್‌ನಲ್ಲಿ ಇಡಿ.

3. 2ಎಚ್‌ನಲ್ಲಿದ್ದರೆ ಮೊದಲು 4ಎಚ್‌ಗೆ ಹಾಕಿ, ಆಮೇಲೆ 4ಎಲ್‌ಗೆ ಬನ್ನಿ. ಗುಂಡಿಯಾದರೆ ಒತ್ತಿ ತಿರುಗಿಸಬೇಕಾಗಬಹುದು. ಲಿವರ್ ಆದರೆ ಅರೆಮನಸ್ಸಿನಿಂದ ಎಳೆಯಬೇಡಿ, ಒಂದೇ ಸಲಕ್ಕೆ ಗಟ್ಟಿಯಾಗಿ ಕೊನೆಯವರೆಗೆ ಎಳೆಯಿರಿ.

4. ಕಾಯಿರಿ. ಡ್ಯಾಶ್‌ಬೋರ್ಡಿನಲ್ಲಿ 4ಎಲ್ ದೀಪ ಮಿಟುಕುತ್ತದೆ, ಗಾಡಿಯ ಕೆಳಗಿನಿಂದ ಸಣ್ಣ ಮೋಟಾರಿನ ಗುಯ್ ಸದ್ದು, ಆಮೇಲೆ ಟಕ್ ಅಂತ ಗೇರ್ ಕೂತ ಸದ್ದು ಕೇಳುತ್ತದೆ. ದೀಪ ಮಿಟುಕುವುದು ನಿಂತು ಸ್ಥಿರವಾಗಿ ಉರಿದರೆ ಮಾತ್ರ ಕೆಲಸ ಆಯಿತು ಅಂತ. ಮಿಟುಕುತ್ತಿರುವಾಗಲೇ ಗೇರ್ ಹಾಕಿ ಹೊರಡಬೇಡಿ.

5. ದೀಪ ಮಿಟುಕುತ್ತಲೇ ಇದ್ದರೆ ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿವೆ ಅಂತ. ವಾಪಸ್ 4ಎಚ್‌ಗೆ ತಂದು, ಒಂದೆರಡು ಅಡಿ ಗಾಡಿಯನ್ನು ಮುಂದೆ ಅಥವಾ ಹಿಂದೆ ಸರಿಸಿ, ನ್ಯೂಟ್ರಲ್‌ಗೆ ಬಂದು ಮತ್ತೆ ಪ್ರಯತ್ನಿಸಿ. ಕೆಲವು ಗಾಡಿಗಳಲ್ಲಿ ಗಂಟೆಗೆ 3–5 ಕಿ.ಮೀ. ವೇಗದಲ್ಲಿ ಉರುಳುತ್ತಿರುವಾಗ ಹಾಕಲು ಹೇಳಿರುತ್ತಾರೆ. ಕೈಪಿಡಿಯಲ್ಲಿ ಹಾಗಿದ್ದರೆ ಮಾತ್ರ ಹಾಗೆ ಮಾಡಿ.

ಲಿವರ್ ಇರುವ ಗಾಡಿಗಳಲ್ಲಿ 4ಎಚ್ ಮತ್ತು 4ಎಲ್ ನಡುವೆ ಟ್ರಾನ್ಸ್‌ಫರ್ ಕೇಸಿನದ್ದೇ ಒಂದು ನ್ಯೂಟ್ರಲ್ ಇರುತ್ತದೆ. ಲಿವರ್ ಅಲ್ಲಿ ನಿಂತರೆ ಚಕ್ರಗಳಿಗೂ ಗೇರ್‌ಬಾಕ್ಸಿಗೂ ಸಂಬಂಧವೇ ಇರುವುದಿಲ್ಲ. ಒಂದನೇ ಗೇರ್ ಹಾಕಿದ್ದರೂ, ಪಿ ಹಾಕಿದ್ದರೂ ಗಾಡಿ ಉರುಳಿಕೊಂಡು ಹೋಗುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ನಿಂತು ರೇಂಜ್ ಬದಲಿಸುವ ಸಾಹಸ ಬೇಡ, ಹ್ಯಾಂಡ್ ಬ್ರೇಕ್ ಹಾಕದೆ ಗಾಡಿಯಿಂದ ಇಳಿಯುವುದಂತೂ ಬೇಡವೇ ಬೇಡ.

4ಎಲ್ ಹಾಕಿದಾಗ ಎಷ್ಟೋ ಗಾಡಿಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ತಾನಾಗಿಯೇ ಆಫ್ ಆಗುತ್ತದೆ, ಅದರ ದೀಪ ಬರುತ್ತದೆ. ಗಾಬರಿ ಬೇಡ, ಅದು ಇರಬೇಕಾದದ್ದೇ. ವೇಗ 40 ಕಿ.ಮೀ. ಒಳಗೇ ಇರಲಿ. ನಿಜ ಹೇಳಬೇಕೆಂದರೆ 20 ದಾಟಬೇಕು ಅನಿಸಿದರೆ ನಿಮಗೆ ಬೇಕಾಗಿರುವುದು 4ಎಚ್.

ಏರು ಹತ್ತುವಾಗ

ಏರಿಗೆ ನೇರವಾಗಿ ನಿಲ್ಲಿಸಿ. ಓರೆಯಾಗಿ ಹತ್ತಿದರೆ ಸುಲಭ ಅನ್ನಿಸಬಹುದು, ಆದರೆ ಗಾಡಿ ಮಗುಚುವುದು ಆಗಲೇ. 4ಎಲ್‌ನಲ್ಲಿ ಒಂದನೇ ಗೇರ್ ತುಂಬಾ ಬಲದ್ದು. ಸಡಿಲ ಮಣ್ಣಾದರೆ ಅದರಲ್ಲಿ ಚಕ್ರ ಸುಲಭವಾಗಿ ಸುತ್ತಿಬಿಡುತ್ತದೆ, ಅಂಥಲ್ಲಿ ಎರಡನೇ ಗೇರ್ ಒಳ್ಳೆಯದು. ಕಲ್ಲಿನ ಏರಿಗೆ ಒಂದನೆಯದೇ ಸರಿ. ಆಟೊಮ್ಯಾಟಿಕ್‌ನಲ್ಲಿ ಮ್ಯಾನುವಲ್ ಮೋಡ್‌ಗೆ ಬಂದು ಗೇರನ್ನು ನೀವೇ ಹಿಡಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಏರಿನ ನಡುವೆ ಅದು ಗೇರ್ ಬದಲಿಸಿ ಎಳೆತ ಕಡಿದುಹೋಗುತ್ತದೆ.

ಹೊರಟ ಮೇಲೆ ಕ್ಲಚ್ ಮೇಲಿನ ಕಾಲನ್ನು ಪೂರ್ತಿ ತೆಗೆದು ಪಕ್ಕಕ್ಕಿಡಿ. ಆಕ್ಸಿಲರೇಟರ್ ಒಂದೇ ಸಮ ಇರಲಿ. ಚಕ್ರ ಸುತ್ತಲು ಶುರುವಾದರೆ ಒತ್ತುವುದಲ್ಲ, ಚೂರು ಬಿಡಬೇಕು. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಿದರೆ ಟೈರಿನ ಅಂಚು ಹೊಸ ಮಣ್ಣು ಹಿಡಿಯುತ್ತದೆ. ಚಕ್ರ ಕುಪ್ಪಳಿಸಿ ಗಾಡಿ ಧಡಧಡ ಅಂದರೆ ಕೂಡಲೇ ಕಾಲು ತೆಗೆಯಿರಿ. ಲೋ ರೇಂಜಿನ ಬಲದಲ್ಲಿ ಗಾಳಿಯಲ್ಲಿ ಸುತ್ತುತ್ತಿರುವ ಚಕ್ರ ಒಮ್ಮೆಲೇ ಕಲ್ಲು ಹಿಡಿದರೆ ಆಕ್ಸಲ್ ಶಾಫ್ಟ್ ತುಂಡಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟುಕೊಂಡು ಜೋರಾಗಿ ಒತ್ತಿದರೆ ಮುಂದಿನ ಜಾಯಿಂಟುಗಳಿಗೂ ಅದೇ ಗತಿ.

ಈಗ ಮುಖ್ಯವಾದ ಭಾಗ: ಅರ್ಧ ಏರಿ ಎಂಜಿನ್ ನಿಂತುಹೋದರೆ? ಅಪಾಯಗಳು ಹೆಚ್ಚಾಗಿ ಆಗುವುದು ಈ ಹೊತ್ತಿನಲ್ಲಿ, ಯಾಕೆಂದರೆ ಕೈಕಾಲು ಅಭ್ಯಾಸಬಲದಿಂದ ಕ್ಲಚ್ ಒತ್ತಿಬಿಡುತ್ತವೆ. ಕ್ಲಚ್ ಒತ್ತಿದ ಕೂಡಲೇ ಗಾಡಿಯನ್ನು ಹಿಡಿದಿದ್ದ ಎಂಜಿನ್ ಕೈಬಿಡುತ್ತದೆ, ಗಾಡಿ ಹಿಂದಕ್ಕೆ ಓಡುತ್ತದೆ. ಹೀಗೆ ಮಾಡಿ:

ಮೊದಲು ಕಾಲು ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಹಾಕಿ. ಎಂಜಿನ್ ನಿಂತಾಗ ಬ್ರೇಕಿನ ಸಹಾಯಕ ಒತ್ತಡ ಕೆಲವೇ ಸಲಕ್ಕೆ ಉಳಿದಿರುತ್ತದೆ, ಹಾಗಾಗಿ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡಬೇಡಿ, ಒಮ್ಮೆ ಒತ್ತಿ ಹಿಡಿದುಕೊಳ್ಳಿ. ಉಸಿರು ಎಳೆದುಕೊಳ್ಳಿ, ಅವಸರ ಇಲ್ಲ. ಬ್ರೇಕ್ ಹಿಡಿದುಕೊಂಡೇ ಕ್ಲಚ್ ಒತ್ತಿ, ರಿವರ್ಸ್ ಗೇರ್ ಹಾಕಿ, ಎಂಜಿನ್ ಚಾಲೂ ಮಾಡಿ. ಬ್ರೇಕ್ ಬಿಡದೆ ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟು ಎಂಜಿನ್ ಹಿಡಿತಕ್ಕೆ ಬಂದದ್ದು ಗೊತ್ತಾದ ಮೇಲೆ ಹ್ಯಾಂಡ್ ಬ್ರೇಕ್ ತೆಗೆಯಿರಿ, ಆಮೇಲೆ ಕಾಲು ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. 4ಎಲ್ ರಿವರ್ಸ್‌ನಲ್ಲಿ ಎಂಜಿನ್ನೇ ಗಾಡಿಯನ್ನು ಆಮೆಗತಿಯಲ್ಲಿ ಕೆಳಗಿಳಿಸುತ್ತದೆ. ಎರಡೂ ಕನ್ನಡಿ ನೋಡುತ್ತಾ ಬಂದ ಜಾಡಿನಲ್ಲೇ ನೇರ ಇಳಿಯಿರಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿಕೊಂಡು ಆರ್ ಹಾಕಿ ಇದೇ ರೀತಿ ಇಳಿಯಿರಿ.

ಏರಿನ ನಡುವೆ ಗಾಡಿ ತಿರುಗಿಸಲು ಮಾತ್ರ ಹೋಗಬೇಡಿ. ಎಷ್ಟೇ ಜಾಗ ಇದ್ದರೂ ಬೇಡ. ಈ ರಿವರ್ಸ್ ಇಳಿಯುವುದನ್ನು ಒಂದು ಸಣ್ಣ, ಅಪಾಯವಿಲ್ಲದ ದಿಬ್ಬದಲ್ಲಿ ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಒತ್ತಾಯ ಮಾಡುತ್ತೇನೆ.

ಇಳಿಯುವಾಗ

ಲೋ ರೇಂಜ್ ತನ್ನ ಕೈಚಳಕ ತೋರಿಸುವುದು ಇಳಿಜಾರಿನಲ್ಲಿ. ಅಂಚಿಗೆ ಬರುವ ಮುಂಚೆಯೇ 4ಎಲ್, ಒಂದನೇ ಗೇರ್ ಹಾಕಿಕೊಳ್ಳಿ. ಗಾಡಿ ನೇರ ಕೆಳಮುಖ ಇರಲಿ. ಕ್ಲಚ್‌ನಿಂದ ಕಾಲು ತೆಗೆಯಿರಿ, ಆಕ್ಸಿಲರೇಟರ್‌ನಿಂದಲೂ ತೆಗೆಯಿರಿ. ಎಂಜಿನ್ ನಾಲ್ಕೂ ಚಕ್ರಗಳನ್ನು ಹಿಡಿದು ಇಳಿಸುತ್ತದೆ. ಮೊದಲ ಸಲ ಇದಕ್ಕೆ ಧೈರ್ಯ ಬೇಕು, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಬ್ರೇಕ್ ಬೇಕಾದರೆ ಹಗುರವಾಗಿ ಒತ್ತಬಹುದು. ಜೋರಾಗಿ ಒತ್ತಿದರೆ ಮೊದಲೇ ಹಗುರಾಗಿರುವ ಹಿಂಭಾಗ ಇನ್ನೂ ಹಗುರಾಗಿ ಅಡ್ಡ ತಿರುಗಲು ನೋಡುತ್ತದೆ.

ಹಾಗೆ ಹಿಂಭಾಗ ಅಡ್ಡ ಸರಿಯಲು ಶುರು ಮಾಡಿದರೆ ಬ್ರೇಕ್ ಬಿಟ್ಟು, ಗಾಡಿ ನೇರವಾಗುವವರೆಗೆ ಆಕ್ಸಿಲರೇಟರನ್ನು ಚೂರೇ ಚೂರು ಒತ್ತಿ. ಮನಸ್ಸು ಒಪ್ಪುವುದಿಲ್ಲ, ಆದರೆ ಕೆಲಸ ಮಾಡುವುದು ಅದೇ: ಜಾರುತ್ತಿರುವ ಚಕ್ರ ನೆಲದ ವೇಗಕ್ಕೆ ತಿರುಗಿದರೆ ಮಾತ್ರ ಹಿಡಿತ, ಸ್ಟೀರಿಂಗ್ ಎರಡೂ ವಾಪಸ್ ಬರುತ್ತವೆ. ಒಂದನೇ ಗೇರಿನಲ್ಲಿ ಎಂಜಿನ್ ತಡೆದದ್ದಕ್ಕೇ ಚಕ್ರಗಳು ಜಾರುವಷ್ಟು ನುಣುಪು ನೆಲವಾದರೆ ಎರಡನೇ ಗೇರಿನಲ್ಲಿ ಶುರು ಮಾಡಿ. ಗೇರನ್ನು ಇಳಿಜಾರಿನ ನಡುವೆ ಬದಲಿಸಬೇಡಿ.

ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ತಡೆ ಸ್ವಲ್ಪ ಕಡಿಮೆ, ಅದಕ್ಕೆ ಹಿಲ್ ಡಿಸೆಂಟ್ ಕಂಟ್ರೋಲ್ ಇದ್ದರೆ ಜೊತೆಗೆ ಹಾಕಿಕೊಳ್ಳಿ. ಅದು ಒಂದೊಂದು ಚಕ್ರದ ಬ್ರೇಕನ್ನೂ ಬೇರೆ ಬೇರೆಯಾಗಿ ಹಿಡಿಯುತ್ತದೆ, ನಮ್ಮ ಕಾಲಿಗೆ ಅದು ಸಾಧ್ಯವಿಲ್ಲ.

ಕಲ್ಲು, ಕೆಸರು, ನೀರು

ಕಲ್ಲಿನ ಹಾದಿಯಲ್ಲಿ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಹೋಗಬೇಡಿ. ಹಿಂದಿನ ಆಕ್ಸಲ್‌ನ ನಡುವೆ ಗೇರುಗಳಿರುವ ಉಂಡೆ ಅಲ್ಲೇ ಕೆಳಗೆ ನೇತಾಡುತ್ತಿರುತ್ತದೆ, ಅದಕ್ಕೇ ಬಡಿಯುತ್ತದೆ. ಟೈರನ್ನು ಕಲ್ಲಿನ ಮೇಲೆಯೇ ಹತ್ತಿಸಿ, ಆಕ್ಸಲ್ ಕೂಡ ಮೇಲಕ್ಕೆ ಹೋಗುತ್ತದೆ. ಪಿಕಪ್ ಉದ್ದ ಜಾಸ್ತಿ, ಎರಡು ಆಕ್ಸಲ್‌ಗಳ ನಡುವೆಯೇ ಸುಮಾರು 3 ಮೀಟರ್ ಇರುತ್ತದೆ. ಹಾಗಾಗಿ ಚೂಪಾದ ದಿಬ್ಬದ ತುದಿಯಲ್ಲಿ ಹೊಟ್ಟೆ ತಗಲುತ್ತದೆ, ಕೊರಕಲು ದಾಟಿ ಏಳುವಾಗ ಹಿಂದಿನ ಬಂಪರ್ ತಗಲುತ್ತದೆ. ಹೊರಗೆ ಒಬ್ಬರು ನಿಂತು ದಾರಿ ತೋರಿಸಲಿ. ಒಬ್ಬರೇ, ನಾಲ್ಕು ಜನ ನಾಲ್ಕು ಕಡೆಯಿಂದ ಕೂಗಿದರೆ ಕೆಲಸ ಕೆಡುತ್ತದೆ. ಸ್ಟೀರಿಂಗಿನ ಒಳಗೆ ಹೆಬ್ಬೆರಳು ಸಿಕ್ಕಿಸಿ ಹಿಡಿಯಬೇಡಿ, ಚಕ್ರ ಕಲ್ಲಿಗೆ ಬಡಿದು ಸ್ಟೀರಿಂಗ್ ಗಿರ್ರನೆ ತಿರುಗಿದರೆ ಬೆರಳಿಗೆ ಪೆಟ್ಟು. ಆಟೊಮ್ಯಾಟಿಕ್ ಗಾಡಿಯವರು ಎಡಗಾಲನ್ನು ಬ್ರೇಕ್ ಮೇಲೆ ಹಗುರವಾಗಿ ಇಟ್ಟುಕೊಂಡು ಬಲಗಾಲಲ್ಲಿ ಆಕ್ಸಿಲರೇಟರ್ ಕೊಟ್ಟರೆ, ಕಲ್ಲಿನಿಂದ ಧೊಪ್ಪನೆ ಬೀಳದೆ ಮೆತ್ತಗೆ ಇಳಿಯಬಹುದು.

ಕೆಸರಿಗೆ 4ಎಲ್‌ನ ಎರಡನೇ ಅಥವಾ ಮೂರನೇ ಗೇರ್. ಕಲ್ಲಿಗಿಂತ ಸ್ವಲ್ಪ ಹೆಚ್ಚು ಓಟ ಬೇಕು. ಗಾಡಿ ಮುಂದೆ ಹೋಗದೆ ಚಕ್ರ ಮಾತ್ರ ಸುತ್ತಿದರೆ ತಕ್ಷಣ ನಿಲ್ಲಿಸಿ, ಬಂದ ಜಾಡಿನಲ್ಲೇ ರಿವರ್ಸ್ ಬನ್ನಿ. ಇನ್ನೊಂದು ಗಾಡಿಯಿಂದ ಎಳೆಸಿಕೊಳ್ಳುವ ಪರಿಸ್ಥಿತಿ ಬಂದರೆ ಹಗ್ಗವನ್ನು ಚಾಸಿಗೆ ಜೋಡಿಸಿದ ರಿಕವರಿ ಹುಕ್ಕಿಗೆ ಹಾಕಿ. ಟ್ರೇಲರ್ ಕಟ್ಟುವ ಉಂಡೆಗೆ ಎಂದಿಗೂ ಹಾಕಬೇಡಿ. ಅದು ಕಿತ್ತು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ.

ನೀರಿನ ಆಳ ಮೊದಲು ತಿಳಿದುಕೊಳ್ಳಿ. ಗಾಡಿಗೆ ಕಂಪನಿ ಹೇಳಿದ ಮಿತಿ ಇರುತ್ತದೆ, ಹೈಲಕ್ಸ್‌ಗೆ 700 ಮಿ.ಮೀ., ಫೋರ್ಡ್ ರೇಂಜರ್‌ಗೆ 800 ಮಿ.ಮೀ. ಇದು ನಿಂತ ನೀರಿನ ಮಾತು. ರಭಸದ ನೀರು ಇದಕ್ಕಿಂತ ಎಷ್ಟೋ ಕಡಿಮೆ ಆಳದಲ್ಲೇ ಗಾಡಿಯನ್ನು ತಳ್ಳಿಬಿಡುತ್ತದೆ, ಅಂಥಲ್ಲಿ ಇಳಿಯಬೇಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗೆ ನೀರು ಹೀರಿಕೊಳ್ಳಬಹುದು, ಹಾಗಾಗಿ ದಡದಲ್ಲಿ ಕೆಲವು ನಿಮಿಷ ನಿಂತು ಹೊರಡಿ. 4ಎಲ್‌ನಲ್ಲಿ ಒಂದನೇ ಅಥವಾ ಎರಡನೇ ಗೇರ್, ನಡಿಗೆಯ ವೇಗ, ಬಾನೆಟ್ ಮುಂದೆ ಒಂದು ಸಣ್ಣ ಅಲೆ ಎದ್ದಿರಬೇಕು, ಅದರ ಹಿಂದೆಯೇ ಸಾಗಬೇಕು. ನಡುವೆ ಗೇರ್ ಬದಲಿಸಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಡಿಫ್ ಲಾಕ್ ಇದ್ದರೆ

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಿದ್ದರೂ, ಒಂದು ಮುಂದಿನ ಚಕ್ರ, ಅದರ ಎದುರು ಮೂಲೆಯ ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಆ ಎರಡೇ ಸುತ್ತುತ್ತವೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಒಂದು ಆಕ್ಸಲ್‌ನ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳೇ ಡಿಫ್ (ಡಿಫರೆನ್ಷಿಯಲ್). ಹಿಂದಿನ ಡಿಫ್ ಲಾಕ್ ಹಾಕಿದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಎಷ್ಟೋ ಪಿಕಪ್‌ಗಳಲ್ಲಿ ಇದು 4ಎಲ್‌ನಲ್ಲಿ ಮಾತ್ರ ಸಿಗುತ್ತದೆ. ಚಕ್ರ ಸುತ್ತುತ್ತಿರುವಾಗ ಹಾಕಬೇಡಿ, ನಿಂತಾಗ ಹಾಕಿ. ಹಾಕಿದ ಮೇಲೆ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ, ತಿರುವು ಕಷ್ಟ. ಅಡಚಣೆ ದಾಟಿದ ಕೂಡಲೇ ತೆಗೆದುಬಿಡಿ.

ತೆಗೆಯುವುದು, ಆಮೇಲಿನ ಕೆಲಸ

ಗಟ್ಟಿ ನೆಲಕ್ಕೆ ಬಂದ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, 4ಎಚ್‌ಗೆ, ಅಲ್ಲಿಂದ 2ಎಚ್‌ಗೆ. ದೀಪ ಆರಿತಾ ನೋಡಿ. ಮಿಟುಕುತ್ತಿದ್ದರೆ ಅಥವಾ ಲಿವರ್ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಶಾಫ್ಟುಗಳಲ್ಲಿ ತುಂಬಿಕೊಂಡ ಒತ್ತಡ ಇಳಿಯಬೇಕು, ಅಷ್ಟೇ. ಕೆಲವು ಮೀಟರ್ ನೇರವಾಗಿ ರಿವರ್ಸ್ ಹೋದರೆ ಸಾಮಾನ್ಯವಾಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ರಸ್ತೆ ಸೇರುವ ಮುಂಚೆ ಟೈರಿಗೆ ಗಾಳಿ ತುಂಬಿಸಿ, ರಿಮ್ಮಿನ ಒಳಗೆ ಮೆತ್ತಿದ ಕೆಸರು ತೆಗೆಯಿರಿ, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ನೀರು ದಾಟಿದ್ದರೆ ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಿಕೊಳ್ಳಿ.

ಆಳದ ನೀರಿಗೆ ಇಳಿದಿದ್ದರೆ ಆಕ್ಸಲ್‌ಗಳ ಮತ್ತು ಟ್ರಾನ್ಸ್‌ಫರ್ ಕೇಸಿನ ಆಯಿಲ್ ನೋಡಿಸಿ. ಹಾಲು ಬೆರೆತ ಹಾಗೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಅಂತ, ತಡಮಾಡದೆ ಬದಲಿಸಿ. ಇನ್ನು, ವರ್ಷಕ್ಕೊಮ್ಮೆ ಮಾತ್ರ ಫೋರ್ ವೀಲ್ ಹಾಕುವವರ ಗಾಡಿಯಲ್ಲಿ ಬೇಕಾದ ದಿನವೇ ಅದು ಕೂರುವುದಿಲ್ಲ. ಮುಂದಿನ ಭಾಗಗಳಿಗೆ ಆಯಿಲ್ ಹರಿಯಲಿ ಅಂತ ಟೊಯೋಟಾದ ಕೈಪಿಡಿಗಳಲ್ಲಿ ತಿಂಗಳಿಗೆ 16 ಕಿ.ಮೀ. ಆದರೂ ಫೋರ್ ವೀಲ್ ಡ್ರೈವ್‌ನಲ್ಲಿ ಓಡಿಸಿ ಅಂತ ಹೇಳಿರುತ್ತಾರೆ. ಮಣ್ಣಿನ ರಸ್ತೆ ನೋಡಿಕೊಂಡು ಅಷ್ಟು ದೂರ 4ಎಚ್‌ನಲ್ಲಿ ಹೋಗಿ. ಬರುವಾಗ ಒಂದೆಡೆ ನಿಲ್ಲಿಸಿ 4ಎಲ್‌ಗೂ ಹಾಕಿ, ನೂರು ಮೀಟರ್ ನೇರಕ್ಕೆ ಓಡಿಸಿ, ತೆಗೆದು ನೋಡಿ.